ಭಾರತದಲ್ಲಿ ಶಾಲಾ ಶಿಕ್ಷಕರ ಕಾನೂನು ಮತ್ತು ನೈತಿಕ ಹೊಣೆಗಾರಿಕೆ

ಭಾರತದಲ್ಲಿ ಶಾಲಾ ಶಿಕ್ಷಕರ ಕಾನೂನು ಮತ್ತು ನೈತಿಕ ಹೊಣೆಗಾರಿಕೆ ಎಂಬುದು ಶಾಲೆಯಲ್ಲಿ ಪಾಠ ಹೇಳುವವರು ಮಗುವಿಗೆ, ಪೋಷಕರಿಗೆ, ಆಡಳಿತ ಮಂಡಳಿಗೆ ಮತ್ತು ಸರ್ಕಾರಕ್ಕೆ ಸಲ್ಲಿಸಬೇಕಾದ ಕರ್ತವ್ಯಗಳನ್ನೂ, ಆ ಕರ್ತವ್ಯಗಳು ಪರಸ್ಪರ ಎದುರಾದಾಗ ಹುಟ್ಟುವ ಸಮಸ್ಯೆಗಳನ್ನೂ ಒಳಗೊಂಡ ವಿಷಯವಾಗಿದೆ. ದೈಹಿಕ ಶಿಕ್ಷೆಯ ನಿಷೇಧ, ಲೈಂಗಿಕ ದೌರ್ಜನ್ಯವನ್ನು ವರದಿ ಮಾಡುವ ಕಡ್ಡಾಯ ಹೊಣೆ, ಮಕ್ಕಳ ಸುರಕ್ಷತೆಯಲ್ಲಿ ನಿರ್ಲಕ್ಷ್ಯ, ತಾರತಮ್ಯ, ಖಾಸಗಿ ಮನೆಪಾಠ, ಬೋಧನೇತರ ಕೆಲಸ ಮತ್ತು ಸೇವಾಭದ್ರತೆ ಇದರ ಮುಖ್ಯ ಅಂಗಗಳು. ಈ ಎಲ್ಲವನ್ನೂ ಒಟ್ಟಾಗಿ ಹೇಳುವ ಒಂದೇ ಕಾಯಿದೆ ಭಾರತದಲ್ಲಿಲ್ಲ. 2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆ (ಆರ್‌ಟಿಇ), 2012ರ ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯಿದೆ (ಪೋಕ್ಸೊ), 2015ರ ಬಾಲನ್ಯಾಯ ಕಾಯಿದೆ, ದಂಡ ಸಂಹಿತೆ, ರಾಜ್ಯಗಳ ಶಿಕ್ಷಣ ಕಾಯಿದೆಗಳು, ಸೇವಾ ನಿಯಮಗಳು ಹಾಗೂ ನ್ಯಾಯಾಲಯಗಳ ತೀರ್ಪುಗಳಲ್ಲಿ ಇದು ಹಂಚಿಹೋಗಿದೆ.

ಹಿನ್ನೆಲೆ

ಶಿಕ್ಷಕನು ಶಾಲೆಯ ಅವಧಿಯಲ್ಲಿ ತಂದೆತಾಯಿಯ ಸ್ಥಾನದಲ್ಲಿರುತ್ತಾನೆ ಎಂಬ ತತ್ತ್ವ ಇಂಗ್ಲೆಂಡಿನ ರೂಢಿ ಕಾನೂನಿನಿಂದ ಬಂದದ್ದು. ತಂದೆಯು ಮಗನನ್ನು ತಿದ್ದುವ ತನ್ನ ಅಧಿಕಾರದ ಒಂದು ಭಾಗವನ್ನು ಉಪಾಧ್ಯಾಯನಿಗೆ ವಹಿಸಿಕೊಡುತ್ತಾನೆ ಎಂದು ಹದಿನೆಂಟನೆಯ ಶತಮಾನದ ನ್ಯಾಯವಿದ ವಿಲಿಯಂ ಬ್ಲ್ಯಾಕ್‌ಸ್ಟೋನ್ ವಿವರಿಸಿದ್ದನು. 1860ರಲ್ಲಿ ಇಂಗ್ಲೆಂಡಿನ ಈಸ್ಟ್‌ಬೋರ್ನ್ ಪಟ್ಟಣದ ಥಾಮಸ್ ಹೋಪ್ಲಿ ಎಂಬ ಶಾಲಾ ಮಾಸ್ತರನು ತನ್ನ ವಿದ್ಯಾರ್ಥಿಯೊಬ್ಬನನ್ನು ಹೊಡೆದು ಸಾಯಿಸಿದ ಪ್ರಕರಣದಲ್ಲಿ ಅವನಿಗೆ ನಾಲ್ಕು ವರ್ಷಗಳ ಸಜೆಯಾಯಿತು. ಆದರೆ ಶಿಕ್ಷೆಯು ಮಿತವೂ ಯುಕ್ತವೂ ಆಗಿದ್ದರೆ ತಪ್ಪಿಲ್ಲ ಎಂಬ ಸೂತ್ರವನ್ನೂ ಅದೇ ತೀರ್ಪು ಗಟ್ಟಿಗೊಳಿಸಿತು. ಭಾರತೀಯ ದಂಡ ಸಂಹಿತೆ ಅಂಗೀಕಾರವಾದದ್ದೂ ಅದೇ 1860ರಲ್ಲಿ. ಅದರ 88 ಮತ್ತು 89ನೆಯ ಕಲಂಗಳು ಒಬ್ಬರ ಹಿತಕ್ಕಾಗಿ ಸದ್ಭಾವನೆಯಿಂದ ಮಾಡಿದ ಕೃತ್ಯಕ್ಕೆ ರಕ್ಷಣೆ ಕೊಡುತ್ತಿದ್ದವು. 89ನೆಯದು ಹನ್ನೆರಡು ವರ್ಷದೊಳಗಿನ ಮಗುವಿನ ವಿಷಯದಲ್ಲಿ ಪೋಷಕರ ಒಪ್ಪಿಗೆಯಿಂದ ನಡೆದ ಕೃತ್ಯಕ್ಕೆ ಸಂಬಂಧಿಸಿದ್ದು. ಬೆತ್ತ ಹಿಡಿದ ಶಿಕ್ಷಕರು ಒಂದೂವರೆ ಶತಮಾನ ಕಾಲ ನ್ಯಾಯಾಲಯಗಳಲ್ಲಿ ಆಶ್ರಯಿಸಿದ್ದು ಈ ಕಲಂಗಳನ್ನೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅವು 26 ಮತ್ತು 27ನೆಯ ಕಲಂಗಳಾಗಿ ಉಳಿದಿವೆ.

ದೇಶೀಯ ಪದ್ಧತಿಯೂ ಮೃದುವಾಗಿರಲಿಲ್ಲ. ಕನ್ನಡ ನಾಡಿನ ಕೂಲಿಮಠಗಳಲ್ಲಿ ತೊಲೆಗೆ ಕಟ್ಟಿದ ಹಗ್ಗಕ್ಕೆ ಹುಡುಗನನ್ನು ಜೋತುಬೀಳಿಸುವ 'ಕೋದಂಡ' ಎಂಬ ಶಿಕ್ಷೆ ಇತ್ತು. ಕೋದಂಡ ಮರೆಯಾದರೂ ಬಸ್ಕಿ ಹೊಡೆಸುವುದು, ಗೋಡೆಕುರ್ಚಿ ಕೂರಿಸುವುದು, ಮೊಣಕಾಲೂರಿಸಿ ಬಿಸಿಲಲ್ಲಿ ನಿಲ್ಲಿಸುವುದು, ಉತ್ತರ ಹೇಳಿದ ಮಗುವಿನಿಂದ ಹೇಳದ ಮಗುವಿನ ಮೂಗು ಹಿಡಿಸಿ ಕೆನ್ನೆಗೆ ಹೊಡೆಸುವುದು ಮುಂದುವರಿದವು. ಕೊನೆಯ ಶಿಕ್ಷೆಯಲ್ಲಿ ಶಿಕ್ಷಕರ ಕೈ ಮಗುವಿಗೆ ತಾಗುವುದೇ ಇಲ್ಲ. ಇಂದಿನ ಕಾನೂನಿನ ದೃಷ್ಟಿಯಲ್ಲಿ ಮಾತ್ರ ಅದು ದೈಹಿಕ ಶಿಕ್ಷೆಯೂ ಹೌದು, ಮಾನಸಿಕ ಕಿರುಕುಳವೂ ಹೌದು. 'ದಂಡಂ ದಶಗುಣಂ' ಎಂಬ ಮಾತನ್ನು ಪೋಷಕರೇ ಶಿಕ್ಷಕರಿಗೆ ನೆನಪಿಸುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ.

ದೈಹಿಕ ಶಿಕ್ಷೆ

ಭಾರತವು 1992ರ ಡಿಸೆಂಬರ್ 11ರಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಶಾಲೆಯ ಶಿಸ್ತು ಮಗುವಿನ ಮಾನವ ಘನತೆಗೆ ಅನುಗುಣವಾಗಿರಬೇಕೆಂದು ಅದರ 28ನೆಯ ವಿಧಿ ಹೇಳುತ್ತದೆ. ಈ ಒಡಂಬಡಿಕೆಯನ್ನೂ ಸಂವಿಧಾನದ 14 ಮತ್ತು 21ನೆಯ ವಿಧಿಗಳನ್ನೂ ಆಧರಿಸಿ ದೆಹಲಿ ಉಚ್ಚ ನ್ಯಾಯಾಲಯವು 2000ದ ಡಿಸೆಂಬರ್ 1ರಂದು, 'ಪೇರೆಂಟ್ಸ್ ಫೋರಂ ಫಾರ್ ಮೀನಿಂಗ್‌ಫುಲ್ ಎಜುಕೇಷನ್' ಹೂಡಿದ್ದ ಮೊಕದ್ದಮೆಯಲ್ಲಿ, ದೆಹಲಿಯ 1973ರ ಶಾಲಾ ಶಿಕ್ಷಣ ನಿಯಮಗಳಲ್ಲಿದ್ದ ದೈಹಿಕ ಶಿಕ್ಷೆಯ ಅವಕಾಶವನ್ನು ರದ್ದುಗೊಳಿಸಿತು. ಅಲ್ಲಿಯವರೆಗೆ ಸರ್ಕಾರದ ನಿಯಮವೇ ಬೆತ್ತದೇಟಿಗೆ ಅನುಮತಿ ನೀಡಿತ್ತು.

ದೇಶವ್ಯಾಪಿ ನಿಷೇಧ ಬಂದದ್ದು ಆರ್‌ಟಿಇ ಕಾಯಿದೆಯ 17ನೆಯ ಕಲಂನಿಂದ. ಯಾವ ಮಗುವನ್ನೂ ದೈಹಿಕ ಶಿಕ್ಷೆಗಾಗಲಿ ಮಾನಸಿಕ ಕಿರುಕುಳಕ್ಕಾಗಲಿ ಗುರಿಪಡಿಸಕೂಡದೆಂದು ಅದು ವಿಧಿಸುತ್ತದೆ. ಉಲ್ಲಂಘಿಸಿದವರ ಮೇಲೆ ಅವರಿಗೆ ಅನ್ವಯವಾಗುವ ಸೇವಾ ನಿಯಮಗಳ ಪ್ರಕಾರ ಶಿಸ್ತುಕ್ರಮ ಜರುಗಿಸಬೇಕು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ಸಂರಕ್ಷಣಾ ಆಯೋಗದ ಮಾರ್ಗಸೂಚಿಗಳು ಹೊಡೆತ, ಗಿಲ್ಲುವಿಕೆ, ಕಿವಿ ಹಿಂಡುವಿಕೆಗಳ ಜೊತೆಗೆ ಅಡ್ಡಹೆಸರಿನಿಂದ ಕರೆಯುವುದು, ಹೆದರಿಸುವುದು, ಮಗುವಿನ ಹಿನ್ನೆಲೆಯನ್ನು ಅಥವಾ ಪೋಷಕರ ಕಸುಬನ್ನು ಎತ್ತಿ ಹಂಗಿಸುವುದು ಮುಂತಾದವುಗಳನ್ನೂ ನಿಷಿದ್ಧ ವರ್ತನೆಗಳಲ್ಲಿ ಸೇರಿಸಿವೆ.

ಈ ನಿಷೇಧದಲ್ಲಿ ಎರಡು ಬಿರುಕುಗಳಿವೆ. ಮೊದಲನೆಯದಾಗಿ, 17ನೆಯ ಕಲಂ ತಾನಾಗಿ ಜೈಲುಶಿಕ್ಷೆಯನ್ನಾಗಲಿ ದಂಡವನ್ನಾಗಲಿ ವಿಧಿಸುವುದಿಲ್ಲ. ಸೇವಾ ನಿಯಮಗಳೇ ಸರಿಯಾಗಿಲ್ಲದ ಖಾಸಗಿ ಶಾಲೆಯಲ್ಲಿ ಶಿಸ್ತುಕ್ರಮವೆಂದರೆ ಒಂದು ಎಚ್ಚರಿಕೆ ಪತ್ರದಲ್ಲಿ ಮುಗಿಯಬಹುದು. ಎರಡನೆಯದಾಗಿ, ಕಾಯಿದೆಯ ವ್ಯಾಖ್ಯೆಯ ಪ್ರಕಾರ ಮಗುವೆಂದರೆ ಆರರಿಂದ ಹದಿನಾಲ್ಕು ವರ್ಷದವರು. ಒಂಬತ್ತು, ಹತ್ತನೆಯ ತರಗತಿಯ ಹೆಚ್ಚಿನ ವಿದ್ಯಾರ್ಥಿಗಳು ಈ ಮಿತಿಯನ್ನು ದಾಟಿರುತ್ತಾರೆ. ಅವರ ರಕ್ಷಣೆಗೆ ಇಲಾಖೆಯ ಆದೇಶಗಳು, ಸಂವಿಧಾನದ 21ನೆಯ ವಿಧಿ ಮತ್ತು ಸಾಮಾನ್ಯ ದಂಡ ಕಾನೂನನ್ನು ಅವಲಂಬಿಸಬೇಕಾಗುತ್ತದೆ. ಏಟಿನಿಂದ ಗಾಯವಾದರೆ ವಯಸ್ಸು ಎಷ್ಟೇ ಇರಲಿ, ಗಾಯಪಡಿಸಿದ ಅಪರಾಧದ ಕಲಂಗಳು ಅನ್ವಯಿಸುತ್ತವೆ. ಬಾಲನ್ಯಾಯ ಕಾಯಿದೆಯ 75ನೆಯ ಕಲಂ, ಹದಿನೆಂಟು ವರ್ಷದೊಳಗಿನ ಮಗುವಿನ ಉಸ್ತುವಾರಿ ಹೊಂದಿರುವವರು ಅದಕ್ಕೆ ಅನಗತ್ಯ ದೈಹಿಕ ಅಥವಾ ಮಾನಸಿಕ ಯಾತನೆ ಉಂಟುಮಾಡಿದರೆ ಮೂರು ವರ್ಷಗಳವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಪೊಲೀಸರು ಶಿಕ್ಷಕರ ಮೇಲೆ ಮೊಕದ್ದಮೆ ದಾಖಲಿಸುವಾಗ ಈ ಕಲಮನ್ನೂ ಸೇರಿಸುವುದುಂಟು.

ಸದ್ಭಾವನೆಯ ರಕ್ಷಣೆ ಎಲ್ಲಿಯವರೆಗೆ ಎಂಬ ಬಗ್ಗೆ ಉಚ್ಚ ನ್ಯಾಯಾಲಯಗಳಲ್ಲಿ ಏಕರೂಪದ ನಿಲುವಿಲ್ಲ. ಶಿಸ್ತಿಗಾಗಿ ಮಿತವಾಗಿ ನೀಡಿದ ಶಿಕ್ಷೆಯನ್ನು ಅಪರಾಧವೆನ್ನಲಾಗದು ಎಂಬ ವಾದವನ್ನು ಕೇರಳ ಉಚ್ಚ ನ್ಯಾಯಾಲಯವು ಹಲವು ಬಾರಿ ಪುರಸ್ಕರಿಸಿದೆ. ಶಿಕ್ಷಕರ ವಿರುದ್ಧ ದೂರು ಬಂದಾಗ ಬಂಧನಕ್ಕೆ ಮುನ್ನ ಪ್ರಾಥಮಿಕ ವಿಚಾರಣೆ ನಡೆಯಬೇಕೆಂದೂ ಅದು 2025ರಲ್ಲಿ ಹೇಳಿತು. ಆರ್‌ಟಿಇ ಕಾಯಿದೆಯ ಸ್ಪಷ್ಟ ನಿಷೇಧದ ಎದುರು 1860ರ ಸಾಮಾನ್ಯ ವಿನಾಯಿತಿಯನ್ನು ಇನ್ನೂ ಎಷ್ಟು ದೂರ ಎಳೆಯಬಹುದು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಶಿಕ್ಷಕರ ದೃಷ್ಟಿಯಿಂದ ಇದರ ಅರ್ಥ ಸರಳ: ಕ್ರಿಮಿನಲ್ ನ್ಯಾಯಾಲಯದಲ್ಲಿ ಬಿಡುಗಡೆಯಾದರೂ ಇಲಾಖಾ ವಿಚಾರಣೆಯಲ್ಲಿ ಶಿಕ್ಷೆಯಾಗಬಹುದು, ಏಕೆಂದರೆ ಎರಡರ ಮಾನದಂಡಗಳು ಬೇರೆ.

ಬೆತ್ತವನ್ನು ತೆಗೆದುಕೊಂಡ ಕಾನೂನು ಅದರ ಬದಲಿಗೆ ಏನನ್ನು ಕೊಟ್ಟಿತು ಎಂಬುದು ಶಿಕ್ಷಕರು ಆಗಾಗ ಎತ್ತುವ ಆಕ್ಷೇಪ. ಕಾಯಿದೆಯ ಅನುಸೂಚಿಯು ಪ್ರಾಥಮಿಕ ಹಂತದಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ, ಹಿರಿಯ ಪ್ರಾಥಮಿಕ ಹಂತದಲ್ಲಿ ಮೂವತ್ತೈದು ಮಕ್ಕಳಿಗೆ ಒಬ್ಬ ಶಿಕ್ಷಕ ಇರಬೇಕೆನ್ನುತ್ತದೆ. ನಾಲ್ಕು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡ ಏಕೋಪಾಧ್ಯಾಯ ಶಾಲೆಯಲ್ಲಿ ಈ ಅನುಪಾತ ಲೆಕ್ಕದಲ್ಲಿ ಸರಿಯಿದ್ದರೂ ಶಿಸ್ತಿನ ಸಮಸ್ಯೆ ಬೇರೆಯೇ ಆಗಿರುತ್ತದೆ. ಆಪ್ತಸಮಾಲೋಚಕರಿರುವ ಶಾಲೆಗಳು ಹೆಚ್ಚಾಗಿ ನಗರಗಳ ದೊಡ್ಡ ಖಾಸಗಿ ಶಾಲೆಗಳು. ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದು ಹೊಡೆತಕ್ಕೆ ಸಮರ್ಥನೆಯಾಗದು.

ಗದರಿಕೆ ಮತ್ತು ಆತ್ಮಹತ್ಯೆ ಪ್ರಚೋದನೆಯ ಆರೋಪ

ವಿದ್ಯಾರ್ಥಿಯೊಬ್ಬನು ಆತ್ಮಹತ್ಯೆ ಮಾಡಿಕೊಂಡಾಗ ಅವನನ್ನು ಗದರಿಸಿದ್ದ ಶಿಕ್ಷಕರ ಮೇಲೆ ಪ್ರಚೋದನೆಯ ಮೊಕದ್ದಮೆ ದಾಖಲಾಗುವುದುಂಟು. ಮೃತನು ಹದಿನೆಂಟು ವರ್ಷದೊಳಗಿನವನಾದರೆ ಹಿಂದಿನ ದಂಡ ಸಂಹಿತೆಯ 305ನೆಯ ಕಲಂ, ಈಗಿನ ನ್ಯಾಯ ಸಂಹಿತೆಯ 107ನೆಯ ಕಲಂ ಅನ್ವಯವಾಗುತ್ತದೆ. ಅದರಲ್ಲಿ ಮರಣದಂಡನೆ ಅಥವಾ ಜೀವಾವಧಿಯವರೆಗೂ ಶಿಕ್ಷೆಗೆ ಅವಕಾಶವಿದೆ. ರಾಜಸ್ಥಾನದ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯ ಸಾವಿಗೆ ಸಂಬಂಧಿಸಿದ ಜಿಯೊ ವರ್ಗೀಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಅಕ್ಟೋಬರ್ 5ರಂದು ದೈಹಿಕ ಶಿಕ್ಷಣ ಶಿಕ್ಷಕರೊಬ್ಬರ ವಿರುದ್ಧದ ಪ್ರಥಮ ವರ್ತಮಾನ ವರದಿಯನ್ನು ರದ್ದುಗೊಳಿಸಿತು. ಅಶಿಸ್ತಿಗಾಗಿ ವಿದ್ಯಾರ್ಥಿಯನ್ನು ಗದರಿಸುವುದು, ಪದೇ ಪದೇ ಶಾಲೆ ತಪ್ಪಿಸುತ್ತಿದ್ದುದನ್ನು ಪೋಷಕರ ಮತ್ತು ಪ್ರಾಂಶುಪಾಲರ ಗಮನಕ್ಕೆ ತರುವುದು ಪ್ರಚೋದನೆಯಾಗದು. ಪ್ರಚೋದಿಸುವ ಉದ್ದೇಶವೂ ಅದಕ್ಕೆ ಪೂರಕವಾದ ಕೃತ್ಯವೂ ಇರಬೇಕು ಎಂಬುದು ಆ ತೀರ್ಪಿನ ಸಾರ. ಸತತ ಕಿರುಕುಳದ ನಿರ್ದಿಷ್ಟ ಆರೋಪವಿದ್ದರೆ ಸ್ಥಿತಿ ಬೇರೆಯಾಗುತ್ತಿತ್ತೆಂದೂ, ದೈಹಿಕ ಶಿಕ್ಷೆಗೆ ಕಾನೂನಿನ ಮಾನ್ಯತೆ ಇಲ್ಲವೆಂದೂ ನ್ಯಾಯಾಲಯ ಹೇಳಿದೆ. ಈ ತೀರ್ಪನ್ನು ಶಿಕ್ಷೆಯ ಹಕ್ಕಿನ ಮರುಸ್ಥಾಪನೆ ಎಂದು ಓದುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ.

ಲೈಂಗಿಕ ದೌರ್ಜನ್ಯ ಮತ್ತು ವರದಿ ಮಾಡುವ ಹೊಣೆ

ಪೋಕ್ಸೊ ಕಾಯಿದೆ ಶಿಕ್ಷಕರನ್ನು ಎರಡು ನೆಲೆಗಳಲ್ಲಿ ನೋಡುತ್ತದೆ. ಶಿಕ್ಷಣ ಸಂಸ್ಥೆಯ ಆಡಳಿತದವರು ಅಥವಾ ಸಿಬ್ಬಂದಿ ಅದೇ ಸಂಸ್ಥೆಯ ಮಗುವಿನ ಮೇಲೆ ಎಸಗಿದ ಲೈಂಗಿಕ ದೌರ್ಜನ್ಯವನ್ನು 5(ಎಫ್) ಮತ್ತು 9(ಎಫ್) ಉಪಕಲಂಗಳು ತೀವ್ರ ಸ್ವರೂಪದ ಅಪರಾಧಗಳೆಂದು ವರ್ಗೀಕರಿಸಿ ಹೆಚ್ಚಿನ ಶಿಕ್ಷೆ ವಿಧಿಸುತ್ತವೆ. ಇಲ್ಲಿ ಶಿಕ್ಷಕ ಆರೋಪಿ. ಎರಡನೆಯ ನೆಲೆಯಲ್ಲಿ ಅವರು ಮಾಹಿತಿದಾರರು. 19ನೆಯ ಕಲಂ ಪ್ರಕಾರ ಇಂತಹ ಅಪರಾಧ ನಡೆದಿದೆ ಎಂದು ತಿಳಿದ ಅಥವಾ ನಡೆಯಬಹುದೆಂಬ ಆತಂಕವಿರುವ ಯಾವುದೇ ವ್ಯಕ್ತಿ ವಿಶೇಷ ಬಾಲಾಪರಾಧ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೆಯ ಕಲಂನಂತೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಅಧೀನದವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಸದ್ಭಾವನೆಯಿಂದ ಮಾಹಿತಿ ನೀಡಿದವರಿಗೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಇರುವುದಿಲ್ಲ.

ಕಾಯಿದೆಯ ಮಾತು ನೇರವಾಗಿದೆ. ಶಾಲೆಯ ವಾಸ್ತವ ಹಾಗಿಲ್ಲ. ವಿಷಯ ಮೊದಲು ತಿಳಿಯುವುದು ಸಾಮಾನ್ಯವಾಗಿ ತರಗತಿ ಶಿಕ್ಷಕಿಗೆ. ಅವರು ಅದನ್ನು ಮುಖ್ಯೋಪಾಧ್ಯಾಯರಿಗೆ ಹೇಳುತ್ತಾರೆ, ಮುಖ್ಯೋಪಾಧ್ಯಾಯರು ಆಡಳಿತ ಮಂಡಳಿಗೆ ಹೇಳುತ್ತಾರೆ, ಶಾಲೆಯ ಹೆಸರು, ಮಗುವಿನ ಮುಂದಿನ ಬಾಳು, ಊರಿನ ಮಾತು ಎಂಬ ಕಾರಣಗಳು ಅಲ್ಲಿ ಮುಂದೆ ಬರುತ್ತವೆ. 'ಆಂತರಿಕ ವಿಚಾರಣೆ ಮುಗಿಯಲಿ' ಎಂಬ ಸಲಹೆ ಸಭ್ಯವಾಗಿ ಕೇಳಿಸುತ್ತದೆ. ಆದರೆ ಕಾಯಿದೆಯಲ್ಲಿ ಪೊಲೀಸರಿಗೆ ತಿಳಿಸುವ ಮುನ್ನ ಶಾಲೆಯು ಸತ್ಯಾಸತ್ಯತೆ ನಿರ್ಧರಿಸಬೇಕೆಂಬ ಹಂತವೇ ಇಲ್ಲ. ಮೇಲಿನವರಿಗೆ ಹೇಳಿದ್ದೇನೆ ಎಂಬುದು ಕೆಳಗಿನವರ ಹೊಣೆಯನ್ನು ತಾನಾಗಿ ತೀರಿಸುವುದೂ ಇಲ್ಲ. ಹೊಣೆ ಇರುವುದು ತಿಳಿದ ಪ್ರತಿಯೊಬ್ಬರ ಮೇಲೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರಾಜುರಾದ ವಿದ್ಯಾರ್ಥಿನಿಲಯವೊಂದರಲ್ಲಿ ಆದಿವಾಸಿ ಬಾಲಕಿಯರ ಮೇಲೆ ನಡೆದ ದೌರ್ಜನ್ಯವನ್ನು ತಿಳಿದೂ ವರದಿ ಮಾಡಲಿಲ್ಲವೆಂಬ ಆರೋಪ ಹೊತ್ತ ವೈದ್ಯರೊಬ್ಬರ ಮೇಲಿನ ಮೊಕದ್ದಮೆಯನ್ನು ಬಾಂಬೆ ಉಚ್ಚ ನ್ಯಾಯಾಲಯ ರದ್ದುಪಡಿಸಿತ್ತು. 2022ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿ, ತ್ವರಿತ ವರದಿಯಿಲ್ಲದೆ ಕಾಯಿದೆಯ ಉದ್ದೇಶವೇ ವಿಫಲವಾಗುತ್ತದೆ ಎಂದಿತು.

ಊರ ಹಿರಿಯರ ಮುಂದೆ ರಾಜಿ ಮಾಡಿಕೊಳ್ಳುವ ದಾರಿಯನ್ನೂ ನ್ಯಾಯಾಲಯ ಮುಚ್ಚಿದೆ. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನು ವಿದ್ಯಾರ್ಥಿನಿಯೊಂದಿಗೆ ಅನುಚಿತವಾಗಿ ವರ್ತಿಸಿದ ಪ್ರಕರಣದಲ್ಲಿ ಪೋಷಕರೊಂದಿಗೆ ಒಪ್ಪಂದವಾಯಿತೆಂಬ ಕಾರಣಕ್ಕೆ ಉಚ್ಚ ನ್ಯಾಯಾಲಯ ಮೊಕದ್ದಮೆಯನ್ನು ಕೈಬಿಟ್ಟಿತ್ತು. ಕಕ್ಷಿದಾರರಲ್ಲದ ಮೂರನೆಯವರು ಮೇಲ್ಮನವಿ ಸಲ್ಲಿಸಿದರು. ರಾಮ್‌ಜಿ ಲಾಲ್ ಬೈರವಾ ಮೊಕದ್ದಮೆ ಎಂದು ಹೆಸರಾದ ಇದರಲ್ಲಿ, ಇಂತಹ ಅಪರಾಧವನ್ನು ಇಬ್ಬರ ಖಾಸಗಿ ವ್ಯಾಜ್ಯವೆಂದು ಪರಿಗಣಿಸಲಾಗದು ಎಂದು 2024ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತು ಮೊಕದ್ದಮೆಯನ್ನು ಮತ್ತೆ ಜೀವಂತಗೊಳಿಸಿತು.

ನೈತಿಕವಾಗಿ ಹೆಚ್ಚು ಕಠಿಣವಾದದ್ದು ಮಗು ನಂಬಿ ಹೇಳಿಕೊಂಡ ಸಂದರ್ಭ. 'ಯಾರಿಗೂ ಹೇಳಬೇಡಿ ಮೇಡಂ' ಎಂಬ ಮಾತಿಗೆ ಹೂಂ ಎಂದ ಶಿಕ್ಷಕಿ ಕಾನೂನಿನ ಪ್ರಕಾರ ಪಾಲಿಸಲಾಗದ ವಚನ ಕೊಟ್ಟಂತಾಗುತ್ತದೆ. ಹಾಗಾಗಿ ಗುಟ್ಟಿನ ಭರವಸೆಯನ್ನು ಮೊದಲೇ ಕೊಡದೆ, ಯಾರಿಗೆ ಏಕೆ ತಿಳಿಸಬೇಕಾಗುತ್ತದೆ ಎಂಬುದನ್ನು ಮಗುವಿಗೆ ಅರ್ಥವಾಗುವಂತೆ ಹೇಳಿ, ಪದೇ ಪದೇ ಪ್ರಶ್ನಿಸದೆ, ಮಗುವಿನ ಮಾತನ್ನು ಅದರದೇ ಪದಗಳಲ್ಲಿ ಬರೆದಿಟ್ಟುಕೊಳ್ಳುವುದು ಮಕ್ಕಳ ರಕ್ಷಣೆಯ ಕ್ಷೇತ್ರದಲ್ಲಿ ಒಪ್ಪಿತವಾದ ಕ್ರಮ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಮಗುವಿನ ಹೆಸರು, ಭಾವಚಿತ್ರ, ಶಾಲೆಯ ವಿವರ ಬಹಿರಂಗಪಡಿಸುವುದು ಪ್ರತ್ಯೇಕ ಅಪರಾಧ. ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ವಿಷಯ ಹಂಚಿಕೊಳ್ಳುವವರು ಇದನ್ನು ಮರೆಯುತ್ತಾರೆ.

ಇನ್ನೊಂದು ತೊಡಕೂ ಇದೆ. ಪೋಕ್ಸೊ ಪ್ರಕಾರ ಹದಿನೆಂಟು ವರ್ಷದೊಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ. ಹದಿನೇಳರ ಹುಡುಗ ಹುಡುಗಿಯರ ಪ್ರೇಮ ಸಂಬಂಧ ಶಿಕ್ಷಕರ ಗಮನಕ್ಕೆ ಬಂದಾಗ, ವರದಿ ಮಾಡಿದರೆ ಹುಡುಗ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲುತ್ತಾನೆ, ಹುಡುಗಿಯನ್ನು ಶಾಲೆ ಬಿಡಿಸಿ ಮದುವೆ ಮಾಡುವ ಸಂಭವವೂ ಇರುತ್ತದೆ. ಮಾಡದಿದ್ದರೆ ಶಿಕ್ಷಕರೇ ತಪ್ಪಿತಸ್ಥರು. ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುವೆಂದು ಸಾರುವ ತಿದ್ದುಪಡಿಯನ್ನು ಕರ್ನಾಟಕ ತಂದಿದ್ದರೂ, ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರಿನ ಮುಂದೆ ಸತತ ಗೈರುಹಾಜರಿ ಕಾಣುವುದು ಮೊದಲು ಶಿಕ್ಷಕರಿಗೇ. ಈ ಇಕ್ಕಟ್ಟಿಗೆ ಕಾಯಿದೆಯಲ್ಲಿ ವಿನಾಯಿತಿ ಇಲ್ಲ.

ಆರೋಪಕ್ಕೊಳಗಾದ ಶಿಕ್ಷಕರ ಹಕ್ಕು ಮತ್ತು ಮಗುವಿನ ರಕ್ಷಣೆಯ ನಡುವಣ ತೂಕ ಅವಿನಾಶ್ ನಾಗ್ರಾ ಮೊಕದ್ದಮೆಯಲ್ಲಿ ಚರ್ಚೆಗೆ ಬಂತು. ನವೋದಯ ವಿದ್ಯಾಲಯದ ಶಿಕ್ಷಕರೊಬ್ಬರನ್ನು ವಿದ್ಯಾರ್ಥಿನಿಯೊಂದಿಗಿನ ದುರ್ವರ್ತನೆಗಾಗಿ ಪೂರ್ಣ ಪ್ರಮಾಣದ ಇಲಾಖಾ ವಿಚಾರಣೆಯಿಲ್ಲದೆ ಸೇವೆಯಿಂದ ತೆಗೆಯಲಾಗಿತ್ತು. ಬಾಲಕಿಯರನ್ನು ಪಾಟೀಸವಾಲಿಗೆ ಒಡ್ಡುವುದನ್ನು ತಪ್ಪಿಸಲು ವಿಚಾರಣೆ ಕೈಬಿಟ್ಟದ್ದು ಆ ಸಂದರ್ಭದಲ್ಲಿ ಸರಿಯೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಎತ್ತಿಹಿಡಿಯಿತು. ಇದು ಅಪವಾದ. ಸಾಮಾನ್ಯವಾಗಿ ಆರೋಪಿಗೆ ತನ್ನ ಅಹವಾಲು ಹೇಳಿಕೊಳ್ಳುವ ಅವಕಾಶ ಸಿಗಲೇಬೇಕು.

ಸುರಕ್ಷತೆ ಮತ್ತು ನಿರ್ಲಕ್ಷ್ಯ

1995ರ ಮೇ ತಿಂಗಳಲ್ಲಿ ಪಂಜಾಬಿನ ಶಾಲೆಯೊಂದರ ಮಕ್ಕಳು ಶಿಕ್ಷಕರೊಂದಿಗೆ ಬಿಯಾಸ್ ನದಿಯ ದಂಡೆಗೆ ಪ್ರವಾಸ ಹೋದಾಗ ಹದಿನಾಲ್ಕು ಮಂದಿ ಮುಳುಗಿ ಸತ್ತರು. ಎಂ. ಎಸ್. ಗ್ರೇವಾಲ್ ಮೊಕದ್ದಮೆಯಲ್ಲಿ (2001) ಸರ್ವೋಚ್ಚ ನ್ಯಾಯಾಲಯವು ಪ್ರತಿ ಮಗುವಿಗೆ ಐದು ಲಕ್ಷ ರೂಪಾಯಿಗಳ ಪರಿಹಾರವನ್ನು ಎತ್ತಿಹಿಡಿಯಿತು. ಜೊತೆಗಿದ್ದ ಶಿಕ್ಷಕರ ನಿರ್ಲಕ್ಷ್ಯಕ್ಕೆ ಶಾಲೆಯೇ ಹೊಣೆಯೆಂದು ಅದು ಒಪ್ಪಿತು. ಮಕ್ಕಳು ಅಪಾಯವನ್ನು ಅಳೆಯಲಾರರು, ಆದ್ದರಿಂದ ಅವರೊಂದಿಗಿರುವ ಹಿರಿಯರ ಎಚ್ಚರದ ಮಟ್ಟ ಸಾಮಾನ್ಯಕ್ಕಿಂತ ಮೇಲಿರಬೇಕು ಎಂಬ ತತ್ತ್ವ ಇಂದಿಗೂ ಶಾಲಾ ಪ್ರವಾಸಗಳಿಗೆ ಅನ್ವಯವಾಗುತ್ತದೆ. ಪೋಷಕರಿಂದ ಬರೆಸಿಕೊಳ್ಳುವ 'ಏನೇ ಆದರೂ ಶಾಲೆ ಜವಾಬ್ದಾರಿಯಲ್ಲ' ಎಂಬ ಒಪ್ಪಿಗೆ ಪತ್ರವನ್ನು ನಂಬಿ ಹೊಳೆಗೆ ಇಳಿಸಿದವರಿಗೆ ಅದು ರಕ್ಷಾಕವಚವಾಗದು.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ಬಲಿಯಾದರು. ಅದರ ಹಿನ್ನೆಲೆಯ ಅವಿನಾಶ್ ಮೆಹ್ರೋತ್ರಾ ಮೊಕದ್ದಮೆಯಲ್ಲಿ (2009) ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಶಿಕ್ಷಣದ ಹಕ್ಕಿನ ಭಾಗವೆಂದು ಘೋಷಿಸಿದ ಸರ್ವೋಚ್ಚ ನ್ಯಾಯಾಲಯ, ಅಗ್ನಿಶಾಮಕ ಸಾಧನ ಬಳಸಲು ಶಿಕ್ಷಕರಿಗೆ ತರಬೇತಿ ನೀಡಬೇಕೆಂದೂ ನಿರ್ದೇಶಿಸಿತು.

ತಾರತಮ್ಯ ಮತ್ತು ಮೇಲಿನವರ ಆದೇಶ

ಆರ್‌ಟಿಇ ಕಾಯಿದೆಯು ದುರ್ಬಲ ವರ್ಗಗಳ ಮಕ್ಕಳು ತಾರತಮ್ಯಕ್ಕೆ ಒಳಗಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲಿರಿಸಿದೆ. ಬಿಸಿಯೂಟದ ಪಂಕ್ತಿ, ಶೌಚಾಲಯದ ಶುಚಿತ್ವ, ನೀರಿನ ಲೋಟ ಇವುಗಳಲ್ಲಿ ಆ ಹೊಣೆ ನಿಭಾಯಿಸಬೇಕಾದವರು ಶಿಕ್ಷಕರು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಶುಚಿಗೊಳಿಸಿದ ಘಟನೆ ಬೆಳಕಿಗೆ ಬಂದು ಶಾಲೆಯ ಹೊಣೆ ಹೊತ್ತವರ ಮೇಲೆ ಕ್ರಿಮಿನಲ್ ಪ್ರಕರಣ ದಾಖಲಾಯಿತು. ಮಕ್ಕಳಿಂದ ಶಾಲೆಯ ಅಂಗಳ ಗುಡಿಸುವುದು ಶ್ರಮದ ಪಾಠವೆಂಬ ವಾದಕ್ಕೂ, ಯಾವ ಮಕ್ಕಳನ್ನು ಯಾವ ಕೆಲಸಕ್ಕೆ ಆರಿಸಲಾಗುತ್ತದೆ ಎಂಬ ಪ್ರಶ್ನೆಗೂ ನಡುವೆ ದೊಡ್ಡ ಅಂತರವಿದೆ.

ಶಿಕ್ಷಕರ ಸ್ವಂತ ವಿವೇಕವೂ ಅಧಿಕಾರಿಯ ಆದೇಶವೂ ಎದುರಾದಾಗ ಏನಾಗುತ್ತದೆ ಎಂಬುದಕ್ಕೆ ಬಿಜೋ ಇಮ್ಯಾನುಯೆಲ್ ಮೊಕದ್ದಮೆ ಹೆಸರಾದ ಉದಾಹರಣೆ. ಕೇರಳದ ಶಾಲೆಯೊಂದರಲ್ಲಿ ಯೆಹೋವನ ಸಾಕ್ಷಿಗಳು ಪಂಥಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. 1985ರ ಜುಲೈಯಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯ ಸೂಚನೆಯಂತೆ ಮುಖ್ಯೋಪಾಧ್ಯಾಯಿನಿ ಅವರನ್ನು ಹೊರಹಾಕಿದರು. 1986ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ವಾಕ್ ಸ್ವಾತಂತ್ರ್ಯ ಮತ್ತು ಧಾರ್ಮಿಕ ಸ್ವಾತಂತ್ರ್ಯದ ಉಲ್ಲಂಘನೆಯೆಂದು ತೀರ್ಮಾನಿಸಿ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು.

ದಾಖಲಾತಿಯಲ್ಲಿಯೂ ಇಂತಹ ಸಂಘರ್ಷಗಳಿವೆ. ವರ್ಗಾವಣೆ ಪತ್ರವನ್ನು ಮುಖ್ಯ ಶಿಕ್ಷಕರು ತಕ್ಷಣ ಕೊಡಬೇಕು, ತಡಮಾಡಿದರೆ ಶಿಸ್ತುಕ್ರಮ ಎಂದು ಆರ್‌ಟಿಇ ಕಾಯಿದೆಯ 5ನೆಯ ಕಲಂ ಹೇಳುತ್ತದೆ. ಶುಲ್ಕ ಬಾಕಿಯಿದೆ, ಟಿ.ಸಿ. ಕೊಡಬೇಡಿ ಎಂದು ಆಡಳಿತ ಮಂಡಳಿ ಹೇಳಿದಾಗ ಸಹಿ ಮಾಡಬೇಕಾದ ವ್ಯಕ್ತಿಯ ಮೇಲೆಯೇ ಎರಡೂ ಕಡೆಯ ಭಾರ ಬೀಳುತ್ತದೆ.

ಮನೆಪಾಠ ಮತ್ತು ಪರೀಕ್ಷೆ

ಆರ್‌ಟಿಇ ಕಾಯಿದೆಯ 28ನೆಯ ಕಲಂ ಯಾವ ಶಿಕ್ಷಕರೂ ಖಾಸಗಿ ಮನೆಪಾಠ ಅಥವಾ ಖಾಸಗಿ ಬೋಧನೆಯಲ್ಲಿ ತೊಡಗಕೂಡದೆಂದು ನಿಷೇಧಿಸುತ್ತದೆ. ನಿಷೇಧದ ಹಿಂದಿರುವುದು ಹಿತಾಸಕ್ತಿಯ ಘರ್ಷಣೆ: ತರಗತಿಯಲ್ಲಿ ಅರ್ಧ ಹೇಳಿ ಉಳಿದರ್ಧವನ್ನು ಸಂಜೆ ಹಣಕ್ಕೆ ಮಾರುವ, ಅದೇ ಮಕ್ಕಳ ಆಂತರಿಕ ಅಂಕಗಳನ್ನೂ ತಾನೇ ನೀಡುವ ಸ್ಥಿತಿ. ಅತಿ ಕಡಿಮೆ ಸಂಬಳದ ಖಾಸಗಿ ಶಾಲಾ ಶಿಕ್ಷಕರಿಗೂ ಸರ್ಕಾರಿ ವೇತನಶ್ರೇಣಿಯವರಿಗೂ ಒಂದೇ ನಿಯಮ ಎಂಬುದು ಇದರ ಮೇಲಿನ ಟೀಕೆ.

ಪರೀಕ್ಷೆಯ ಕೊಠಡಿಯಲ್ಲಿ ಸಮಸ್ಯೆ ಬೇರೆ ರೂಪ ತಾಳುತ್ತದೆ. ಕರ್ನಾಟಕದಲ್ಲಿ 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಕ್ಯಾಮೆರಾ ಕಣ್ಗಾವಲಿನ ವೆಬ್‌ಕಾಸ್ಟಿಂಗ್ ವ್ಯವಸ್ಥೆಯಲ್ಲಿ ನಡೆಸಲಾಯಿತು. ಹಿಂದಿನ ವರ್ಷ ಶೇ 83.89ರಷ್ಟಿದ್ದ ಫಲಿತಾಂಶ ಆ ವರ್ಷ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆ. ಇಳಿಕೆಗೆ ಕಾರಣಗಳು ಹಲವು ಇರಬಹುದು. ಆದರೆ ಶೇಕಡಾವಾರು ಫಲಿತಾಂಶದ ಮೇಲೆಯೇ ಶಾಲೆಗೆ ಶ್ರೇಣಿ, ಶಿಕ್ಷಕರಿಗೆ ನೋಟಿಸು ಎಂಬ ಪದ್ಧತಿಯು ಮೇಲ್ವಿಚಾರಕರ ಪ್ರಾಮಾಣಿಕತೆಯ ಮೇಲೆ ಎಂತಹ ಒತ್ತಡ ಹಾಕುತ್ತಿತ್ತು ಎಂಬ ಚರ್ಚೆ ಆಗ ಬಹಿರಂಗವಾಗಿ ನಡೆಯಿತು.

ಬೋಧನೇತರ ಕೆಲಸ

ಕರ್ತವ್ಯಗಳ ಪಟ್ಟಿಯಲ್ಲಿ ಸಮಯಪಾಲನೆ, ಪಠ್ಯವನ್ನು ನಿಗದಿತ ಅವಧಿಯಲ್ಲಿ ಮುಗಿಸುವುದು, ಪ್ರತಿ ಮಗುವಿನ ಕಲಿಕೆಯನ್ನು ಅಳೆದು ಹಿಂದುಳಿದವರಿಗೆ ಹೆಚ್ಚುವರಿ ಬೋಧನೆ, ಪೋಷಕರ ಸಭೆ (ಕಲಂ 24) ಸೇರಿವೆ. ಇವಕ್ಕೆ ಸಮಯ ಉಳಿಸಲೆಂದೇ 27ನೆಯ ಕಲಂ, ಹತ್ತು ವರ್ಷಗಳ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣಾ ಕರ್ತವ್ಯಗಳ ಹೊರತು ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ನಿಯೋಜಿಸಬಾರದೆನ್ನುತ್ತದೆ. ಈ ಕಾಯಿದೆ ಬರುವ ಮೊದಲೇ, 2007ರ ಡಿಸೆಂಬರ್‌ನಲ್ಲಿ, ಸೇಂಟ್ ಮೇರೀಸ್ ಶಾಲೆ ಮತ್ತು ಚುನಾವಣಾ ಆಯೋಗದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮತದಾರರ ಪಟ್ಟಿ ಪರಿಷ್ಕರಣೆಯಂತಹ ಕೆಲಸಕ್ಕೆ ಬೋಧಕರನ್ನು ರಜಾದಿನ ಹಾಗೂ ಬೋಧನೆಯಿಲ್ಲದ ದಿನಗಳಲ್ಲಿ ಬಳಸಿಕೊಳ್ಳಬೇಕೆಂದು ಸೂಚಿಸಿತ್ತು.

ಮೂರೇ ವಿನಾಯಿತಿಗಳಿದ್ದರೂ ಸಮೀಕ್ಷೆಗಳು ನಿಂತಿಲ್ಲ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಕರ್ನಾಟಕದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಗಣತಿದಾರರಲ್ಲಿ ಬಹುಪಾಲು ಶಾಲಾ ಶಿಕ್ಷಕರಿದ್ದರು. ಕೆಲಸ ಮುಗಿಯದ ಕಾರಣ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ರಾಜ್ಯ ಮಟ್ಟದ ಇಂತಹ ಸಮೀಕ್ಷೆ 27ನೆಯ ಕಲಂನ ಮೂರು ವಿನಾಯಿತಿಗಳಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದು ಸರಳವಾಗಿ ಉತ್ತರಿಸಬಹುದಾದ ಪ್ರಶ್ನೆಯಲ್ಲ. ನಿರಾಕರಿಸಿದ ಶಿಕ್ಷಕರಿಗೆ ಅಮಾನತಿನ ಭಯ, ಒಪ್ಪಿದವರಿಗೆ ಮುಗಿಯದ ಪಾಠಗಳ ಹೊರೆ.

ಸೇವಾಭದ್ರತೆ ಮತ್ತು ಪೌರಹಕ್ಕುಗಳು

ಹೊಣೆಗಳ ವಿಷಯದಲ್ಲಿ ಧಾರಾಳವಾದ ಕಾನೂನು ಹಕ್ಕುಗಳ ವಿಷಯದಲ್ಲಿ ಬಹುಕಾಲ ಜಿಪುಣವಾಗಿತ್ತು. ಸುಂದರಾಂಬಾಳ್ ಮೊಕದ್ದಮೆಯಲ್ಲಿ (1988) ಶಿಕ್ಷಕರು ಕೈಗಾರಿಕಾ ವಿವಾದಗಳ ಕಾಯಿದೆಯ ಅರ್ಥದಲ್ಲಿ 'ಕಾರ್ಮಿಕ'ರಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಬೋಧನೆಯು ಶ್ರೇಷ್ಠ ಸೇವೆ ಎಂಬುದು ಅದರ ಒಂದು ಕಾರಣವಾಗಿತ್ತು. ಗೌರವದ ಮಾತೇ ಹಕ್ಕಿಗೆ ಅಡ್ಡಬಂದ ವಿಚಿತ್ರ ಸಂದರ್ಭವಿದು. 2004ರಲ್ಲಿ ಉಪದಾನ ಕಾಯಿದೆಯ ವಿಷಯದಲ್ಲಿಯೂ ಶಿಕ್ಷಕರು 'ನೌಕರ'ರ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದು ತೀರ್ಪಾಯಿತು. ಸಂಸತ್ತು 2009ರಲ್ಲಿ ಕಾಯಿದೆಯನ್ನೇ ತಿದ್ದಿ 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗುವಂತೆ ಅವರನ್ನು ಸೇರಿಸಿತು. ಖಾಸಗಿ ಶಾಲೆಗಳ ಒಕ್ಕೂಟ ಅದನ್ನು ಪ್ರಶ್ನಿಸಿತಾದರೂ 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಕರ್ನಾಟಕದ ಖಾಸಗಿ ಶಾಲೆಗಳ ಶಿಕ್ಷಕರಿಗೆ 1983ರ ಕರ್ನಾಟಕ ಶಿಕ್ಷಣ ಕಾಯಿದೆಯ 92ನೆಯ ಕಲಂ ಮುಖ್ಯ ಆಸರೆ. ಅದರಂತೆ ವಿಚಾರಣೆ ನಡೆಸಿ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡದೆ ವಜಾ ಮಾಡುವಂತಿಲ್ಲ. ವಜಾ ಆದೇಶದ ವಿರುದ್ಧ 94ನೆಯ ಕಲಂ ಅಡಿ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ವರ್ಷವರ್ಷ ಹೊಸದಾಗಿ ನೇಮಕಗೊಳ್ಳುವ ಅತಿಥಿ ಶಿಕ್ಷಕರ ಬಳಿ ಇಂತಹ ಆಸರೆ ಇಲ್ಲ. ಆದರೂ ದೈಹಿಕ ಶಿಕ್ಷೆ, ಪೋಕ್ಸೊ, ನಿರ್ಲಕ್ಷ್ಯ ಇವೆಲ್ಲದರಲ್ಲಿ ಅವರ ಹೊಣೆ ಕಾಯಂ ಶಿಕ್ಷಕರಷ್ಟೇ.

ಸರ್ಕಾರಿ ಶಿಕ್ಷಕರು ನಡತೆ ನಿಯಮಗಳಿಗೆ ಒಳಪಟ್ಟಿರುವುದರಿಂದ ರಾಜಕೀಯ ಪಕ್ಷ ಸೇರುವಂತಿಲ್ಲ, ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವಂತಿಲ್ಲ. ಫೇಸ್‌ಬುಕ್ಕಿನ ಒಂದು ಬರಹಕ್ಕಾಗಿ ಅಮಾನತಾದ ನಿದರ್ಶನಗಳಿವೆ. ಇದೇ ವೇಳೆ ಸಂವಿಧಾನದ 171ನೆಯ ವಿಧಿಯು ವಿಧಾನ ಪರಿಷತ್ತಿನ ಹನ್ನೆರಡರಲ್ಲಿ ಒಂದು ಭಾಗದ ಸದಸ್ಯರನ್ನು ಶಿಕ್ಷಕರೇ ಆರಿಸುವಂತೆ ವಿಧಿಸಿದೆ. ಆ ಮತದಾರರು ಪ್ರೌಢಶಾಲೆ ಮತ್ತು ಅದಕ್ಕೆ ಮೇಲ್ಪಟ್ಟ ಸಂಸ್ಥೆಗಳಲ್ಲಿ ಮೂರು ವರ್ಷ ಬೋಧಿಸಿರಬೇಕು. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಶಿಕ್ಷಕರ ಕ್ಷೇತ್ರದಲ್ಲಿ ಮತವಿಲ್ಲ.

ವಿದ್ಯಾರ್ಥಿಗಳ ಖಾಸಗಿತನ

2018ರ ಆಧಾರ್ ತೀರ್ಪಿನಲ್ಲಿ ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯವಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹದಿನೆಂಟು ವರ್ಷದೊಳಗಿನವರ ದತ್ತಾಂಶ ಬಳಕೆಗೆ ಪೋಷಕರ ಪರಿಶೀಲಿತ ಒಪ್ಪಿಗೆಯನ್ನು ಬಯಸುತ್ತದೆ. ಅಂಕಪಟ್ಟಿಯನ್ನು ತರಗತಿಯ ಗುಂಪಿಗೆ ಹಾಕುವುದು, ಬಿಸಿಯೂಟದ ಚಿತ್ರಗಳನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಂಚುವುದು ಕೆಟ್ಟ ಉದ್ದೇಶವಿಲ್ಲದ ಅಭ್ಯಾಸಗಳು. ಅವುಗಳಲ್ಲಿ ಮಗುವಿನ ಜಾತಿ, ಆರೋಗ್ಯ, ಬಡತನಗಳು ಬಯಲಾಗುವ ಸಾಧ್ಯತೆಯಿದೆ.

ವೃತ್ತಿ ನೀತಿಸಂಹಿತೆ

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಶಾಲಾ ಶಿಕ್ಷಕರಿಗಾಗಿ ವೃತ್ತಿಪರ ನೀತಿಸಂಹಿತೆಯೊಂದನ್ನು ರೂಪಿಸಿದೆ. ವಿದ್ಯಾರ್ಥಿಗಳಿಗೆ, ಪೋಷಕರು ಮತ್ತು ಸಮಾಜಕ್ಕೆ, ವೃತ್ತಿ ಮತ್ತು ಸಹೋದ್ಯೋಗಿಗಳಿಗೆ ಸಲ್ಲಬೇಕಾದ ಕರ್ತವ್ಯಗಳೆಂದು ಅದು ವಿಂಗಡಿಸಲ್ಪಟ್ಟಿದೆ. ಆದರೆ ವಕೀಲರಿಗೆ ವಕೀಲರ ಪರಿಷತ್ತು, ವೈದ್ಯರಿಗೆ ವೈದ್ಯಕೀಯ ಪರಿಷತ್ತು ಇರುವಂತೆ ಶಾಲಾ ಶಿಕ್ಷಕರನ್ನು ನೋಂದಾಯಿಸಿಕೊಳ್ಳುವ, ಗಂಭೀರ ತಪ್ಪಿಗೆ ನೋಂದಣಿ ರದ್ದುಪಡಿಸುವ ವೃತ್ತಿ ಮಂಡಳಿ ಭಾರತದಲ್ಲಿಲ್ಲ. ಹೀಗಾಗಿ ಒಂದು ಖಾಸಗಿ ಶಾಲೆಯಿಂದ ದುರ್ವರ್ತನೆಗಾಗಿ ಸದ್ದಿಲ್ಲದೆ ಬಿಡುಗಡೆಗೊಂಡವರು ಅನುಭವ ಪತ್ರದೊಂದಿಗೆ ಇನ್ನೊಂದು ಊರಿನ ಶಾಲೆಗೆ ಸೇರುವುದನ್ನು ನೀತಿಸಂಹಿತೆ ತಡೆಯಲಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ರಾಷ್ಟ್ರೀಯ ವೃತ್ತಿಪರ ಮಾನದಂಡಗಳನ್ನು ಪ್ರಸ್ತಾಪಿಸಿದೆ. ಅದರ ಒತ್ತು ಸಾಮರ್ಥ್ಯ ಮತ್ತು ಬಡ್ತಿಯ ಮೇಲಿದೆ.